ಹಾಲಿಲ್ಲದ ಮೊಸರಿನಿಂದ ಅಡುಗೆ ಮತ್ತು ಕೇಕ್ ತಯಾರಿಕೆ: ಸಾರ್ವಜನಿಕರಿಗೆ ಹಾಗೂ ನೋಂದಣಿ ಅರ್ಜಿದಾರರಿಗೆ ಮಾಹಿತಿ

ಕಡಲೆಕಾಯಿ ಬೀಜ (ಶೇಂಗಾ), ಸೋಯಾ ಅವರೆ ಅಥವಾ ತೆಂಗಿನಕಾಯಿಯ ಹಾಲಿಗೆ ಹೆಪ್ಪು ಹಾಕಿ ತಯಾರಿಸುವ ಮೊಸರನ್ನು ಹಾಲಿನ ಅಲರ್ಜಿಯುಳ್ಳವರು ಹಾಗೂ ಪ್ರಾಣಿಜನ್ಯ ಆಹಾರವನ್ನು ತ್ಯಜಿಸಿದವರು ಬಳಸುತ್ತಾರೆ. ಇಂತಹ ಮೊಸರಿನಿಂದ ತಿನಿಸುಗಳನ್ನು ತಯಾರಿಸಿ ಮಾರಾಟ ಮಾಡಲು ಅರ್ಜಿ ಸಲ್ಲಿಸುವವರೂ ಇದ್ದಾರೆ. ಇವರೆಲ್ಲರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಹೆಪ್ಪಿನ ಬಗ್ಗೆ ಮುಖ್ಯ ಸೂಚನೆ

ಕಡಲೆಕಾಯಿ ಹಾಲಿಗೆ ಮನೆಯ ಹಸುವಿನ ಹಾಲಿನ ಮೊಸರನ್ನೇ ಒಂದು ಚಮಚ ಹೆಪ್ಪು ಹಾಕುವ ರೂಢಿ ಹಲವೆಡೆ ಇದೆ. ಹೀಗೆ ತಯಾರಾದ ಮೊಸರು ಹಾಲಿಲ್ಲದ ಮೊಸರಲ್ಲ. ಹಾಲಿನ ಅಲರ್ಜಿಯುಳ್ಳ ಮಗುವಿಗೆ ಆ ಒಂದು ಚಮಚದಲ್ಲಿರುವ ಹಾಲಿನ ಪ್ರೋಟೀನೇ ಅಪಾಯಕಾರಿಯಾಗಬಹುದು. ಎಮ್ಮೆ ಅಥವಾ ಮೇಕೆಯ ಹಾಲಿನ ಮೊಸರೂ ಸಾಮಾನ್ಯವಾಗಿ ಇಂತಹವರಿಗೆ ಸುರಕ್ಷಿತವಲ್ಲ. ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ 108 ಸಂಖ್ಯೆಗೆ ಕರೆ ಮಾಡತಕ್ಕದ್ದು. ಹಾಲು ಕುಡಿದರೆ ಹೊಟ್ಟೆಯುಬ್ಬರ ಮಾತ್ರ ಆಗುವವರ ವಿಚಾರ ಬೇರೆ. ಅದು ಹಾಲಿನ ಸಕ್ಕರೆ ಜೀರ್ಣವಾಗದ ಸಮಸ್ಯೆ. ಅವರಲ್ಲಿ ಅನೇಕರಿಗೆ ಸಾಮಾನ್ಯ ಮೊಸರೇ ಒಗ್ಗುತ್ತದೆ. ಇವೆರಡರಲ್ಲಿ ಯಾವುದೆಂಬುದನ್ನು ವೈದ್ಯರಿಂದ ಖಚಿತಪಡಿಸಿಕೊಳ್ಳುವುದು ಒಳಿತು.

ತಯಾರಿಸುವ ವಿಧಾನ

1 ಬಟ್ಟಲು ಕಡಲೆಕಾಯಿ ಬೀಜವನ್ನು 8 ಗಂಟೆ ನೆನೆಸಿ, ಸಿಪ್ಪೆ ತೆಗೆದು, 3 ಬಟ್ಟಲು ನೀರಿನೊಂದಿಗೆ ನುಣ್ಣಗೆ ರುಬ್ಬಿ ಶೋಧಿಸಬೇಕು. ತಳ ಹಿಡಿಯದಂತೆ ಕೈಯಾಡಿಸುತ್ತಾ ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾದಾಗ ತೊಳೆದ ಹಸಿಮೆಣಸಿನಕಾಯಿ ತೊಟ್ಟುಗಳನ್ನು ಹಾಕಿ 8ರಿಂದ 10 ಗಂಟೆ ಮುಚ್ಚಿಡಬೇಕು. ಮೊದಲ ಬಾರಿ ಮೊಸರು ತೆಳುವಾಗಿರುತ್ತದೆ. ಅದನ್ನೇ ಹೆಪ್ಪಾಗಿ ಬಳಸಿದರೆ ಎರಡನೆಯ ಸಲ ಗಟ್ಟಿಯಾಗುತ್ತದೆ. ಬಣ್ಣದ ಬೂಷ್ಟು, ಲೋಳೆ ಅಥವಾ ದುರ್ವಾಸನೆ ಕಂಡುಬಂದಲ್ಲಿ ರುಚಿ ನೋಡದೆ ಚೆಲ್ಲತಕ್ಕದ್ದು. ಸೋಯಾ ಹಾಲಿನಲ್ಲಿ ಪ್ರೋಟೀನು ಹೆಚ್ಚಿರುವುದರಿಂದ ಮೊಸರು ಚೆನ್ನಾಗಿ ಹೆಪ್ಪುಗಟ್ಟುತ್ತದೆ. ತೆಂಗಿನ ಹಾಲಿನಲ್ಲಿ ಅದು ಕಡಿಮೆ. ಪಿಷ್ಟ ಬೆರೆಸದಿದ್ದರೆ ಗಟ್ಟಿಯಾಗುವುದು ಕಷ್ಟ.

ಒಲೆಯ ಮೇಲಿನ ಅಡುಗೆ

ತಂಬುಳಿ, ಪಚಡಿಗಳಲ್ಲಿ ಮೊಸರನ್ನು ಕಾಯಿಸುವುದಿಲ್ಲವಾದ್ದರಿಂದ ತೊಂದರೆಯಿಲ್ಲ. ಮಜ್ಜಿಗೆಹುಳಿಯಲ್ಲಿ ಮಾತ್ರ ಎಚ್ಚರ ಅಗತ್ಯ, ಏಕೆಂದರೆ ಸಸ್ಯಜನ್ಯ ಮೊಸರು ಕುದಿಯಲ್ಲಿ ಬೇಗ ಒಡೆದು ನೀರು ಬಿಡುತ್ತದೆ. ತರಕಾರಿ ಮತ್ತು ಮಸಾಲೆ ಪೂರ್ಣ ಬೆಂದ ನಂತರ ಉರಿ ತಗ್ಗಿಸಿ, 1 ಚಮಚ ಅಕ್ಕಿಹಿಟ್ಟು ಕದಡಿದ ಮೊಸರನ್ನು ಸೇರಿಸಿ, ನೊರೆ ಏಳುತ್ತಿದ್ದಂತೆ ಇಳಿಸಬೇಕು. ಹುಳಿ ಸಾಲದಿದ್ದರೆ ಇಳಿಸಿದ ಮೇಲೆ ನಿಂಬೆರಸ ಸೇರಿಸಬಹುದು. ಮೊಸರನ್ನಕ್ಕೆ ಅನ್ನ ಆರಿರಬೇಕು. ಕಡಲೆಕಾಯಿಯ ವಾಸನೆ ಹಿಡಿಸದವರಿಗೆ ಶುಂಠಿ, ಕರಿಬೇವು, ಇಂಗಿನ ಒಗ್ಗರಣೆ ಸಹಾಯಕವಾಗುತ್ತದೆ. ಒಗ್ಗರಣೆಗೆ ಎಣ್ಣೆಯನ್ನೇ ಬಳಸಬೇಕು. ತುಪ್ಪವೂ ಹಾಲಿನ ಉತ್ಪನ್ನವೆಂಬುದು ಹಲವರಿಗೆ ಆ ಕ್ಷಣಕ್ಕೆ ಮರೆತುಹೋಗುತ್ತದೆ.

ಅಂಗಡಿಯ ಪೊಟ್ಟಣವಾದರೆ ಸಕ್ಕರೆ ಅಥವಾ ವೆನಿಲ್ಲಾ ಸೇರಿಸಿಲ್ಲವೆಂಬುದನ್ನು ಚೀಟಿಯಲ್ಲಿ ಓದಿಕೊಳ್ಳತಕ್ಕದ್ದು.

ಕೇಕ್ ತಯಾರಿಕೆ

ಮೊಟ್ಟೆಯಿಲ್ಲದ ಕೇಕ್ ಉಬ್ಬಲು ಅಡುಗೆ ಸೋಡಾ ಮತ್ತು ಮೊಸರಿನ ಹುಳಿ ಕೂಡಬೇಕು. ಸಸ್ಯಜನ್ಯ ಮೊಸರಿನಲ್ಲಿ ಹುಳಿ ಕಡಿಮೆಯಿದ್ದಲ್ಲಿ ಸೋಡಾ ಉಳಿದು ಕೇಕಿಗೆ ಸಾಬೂನಿನಂತಹ ರುಚಿ ಬರುತ್ತದೆ. ಆದ್ದರಿಂದ 1 ಬಟ್ಟಲು ಮೊಸರಿಗೆ 1 ಟೀ ಚಮಚ ವಿನೆಗರ್ ಅಥವಾ ನಿಂಬೆರಸ ಬೆರೆಸುವುದು ಸೂಕ್ತ. ಒಂದೂವರೆ ಬಟ್ಟಲು ಮೈದಾಕ್ಕೆ 1 ಬಟ್ಟಲು ಮೊಸರು, ಮುಕ್ಕಾಲು ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ಎಣ್ಣೆ, ಅರ್ಧ ಟೀ ಚಮಚ ಸೋಡಾ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್ ಸಾಕಾಗುತ್ತದೆ. ಮೊಸರು ನೀರಾಗಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಬಸಿಯಬೇಕು. ಕಲಸಿದ ಹಿಟ್ಟನ್ನು ಇಟ್ಟುಕೊಳ್ಳದೆ, ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 35ರಿಂದ 40 ನಿಮಿಷ ಬೇಯಿಸಬೇಕು. ಹಾಲಿನ ಸಕ್ಕರೆ ಇಲ್ಲದ ಕಾರಣ ಮೇಲ್ಭಾಗ ಅಷ್ಟಾಗಿ ಕೆಂಪಾಗುವುದಿಲ್ಲ. ಬಣ್ಣ ಬರಲೆಂದು ಹೆಚ್ಚು ಹೊತ್ತು ಬಿಟ್ಟು ಒಣಗಿಸಿಕೊಳ್ಳುವುದೇ ಹೆಚ್ಚಾಗಿ ಆಗುವ ತಪ್ಪು. ಕಡ್ಡಿ ಚುಚ್ಚಿ ನೋಡಿ ನಿರ್ಧರಿಸತಕ್ಕದ್ದು.

ಮನೆಯಲ್ಲಿ ತಯಾರಿಸಿದ ಈ ಮೊಸರಿನಲ್ಲಿ ಸುಣ್ಣದ ಅಂಶ ಹಾಲಿನ ಮೊಸರಿಗಿಂತ ಬಹಳ ಕಡಿಮೆ. ಮಕ್ಕಳ ಆಹಾರದಲ್ಲಿ ರಾಗಿ, ಎಳ್ಳು, ನುಗ್ಗೆಸೊಪ್ಪು ಇರುವಂತೆ ನೋಡಿಕೊಳ್ಳಬೇಕು.

ಮಾರಾಟಕ್ಕಾಗಿ ತಯಾರಿಸುವವರಿಗೆ

ಮನೆಯಲ್ಲಿಯೇ ತಯಾರಿಸಿ ಮಾರುವವರೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ವ್ಯಾಪ್ತಿಗೆ ಒಳಪಡುತ್ತಾರೆ. ನೋಂದಣಿ ಅಥವಾ ಪರವಾನಗಿಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ‘ಫೋಸ್ಕಾಸ್’ ಜಾಲತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ದೊರೆತ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸತಕ್ಕದ್ದು.

ಈ ಪುಟದಲ್ಲಿ ರೂಢಿಯಂತೆ ‘ಮೊಸರು’ ಎಂದು ಬರೆದಿದ್ದರೂ, ಹಾಲಿನಿಂದಾಗದ ಪದಾರ್ಥಕ್ಕೆ ಹಾಲಿನ ಉತ್ಪನ್ನದ ಹೆಸರಿಟ್ಟು ಮಾರಲು ನಿಯಮಗಳಲ್ಲಿ ನಿರ್ಬಂಧವಿದೆ. ಹೆಸರನ್ನು ಆಯ್ಕೆ ಮಾಡುವ ಮುನ್ನ, ಚೀಟಿ ಮುದ್ರಿಸಿ ಹಣ ವ್ಯಯಿಸುವುದಕ್ಕೆ ಮೊದಲೇ, ಆಹಾರ ಸುರಕ್ಷತಾಧಿಕಾರಿಗಳನ್ನು ವಿಚಾರಿಸುವುದು ಕ್ಷೇಮ. ‘ವೀಗನ್’ ಎಂದು ನಮೂದಿಸುವವರು 2022ರ ವೀಗನ್ ಆಹಾರ ನಿಯಮಗಳನ್ನು ಪಾಲಿಸತಕ್ಕದ್ದು.

ಚೌಕದೊಳಗಿನ ಹಸಿರು ವೃತ್ತವು ಸಸ್ಯಾಹಾರವೆಂಬುದನ್ನು ಸೂಚಿಸುತ್ತದೆಯೇ ಹೊರತು ಹಾಲಿಲ್ಲವೆಂಬುದನ್ನಲ್ಲ. ಕೊಳ್ಳುವವರೂ ಇದನ್ನು ಗಮನಿಸಬೇಕು. ಹಾಲು, ಕಡಲೆಕಾಯಿ, ಸೋಯಾ, ಗೋಡಂಬಿ-ಬಾದಾಮಿಯಂತಹ ಬೀಜಗಳು ಮತ್ತು ಗೋಧಿ ಇದ್ದಲ್ಲಿ ಚೀಟಿಯಲ್ಲಿ ಅಲರ್ಜಿಕಾರಕಗಳೆಂದು ಪ್ರತ್ಯೇಕವಾಗಿ ತಿಳಿಸುವುದು ಕಡ್ಡಾಯ. ಹಾಲನ್ನು ಕೈಬಿಟ್ಟು ಕಡಲೆಕಾಯಿಯನ್ನು ಬಳಸಿದ ಕೇಕು ಇನ್ನೊಬ್ಬರಿಗೆ ಅಷ್ಟೇ ಅಪಾಯಕಾರಿಯಾಗಬಹುದು. ಅದೇ ಅಡುಗೆಮನೆಯಲ್ಲಿ ಬೆಣ್ಣೆ, ಹಾಲಿನ ಪುಡಿ ಬಳಸುತ್ತಿದ್ದಲ್ಲಿ ಪಾತ್ರೆ, ಜರಡಿ ಮತ್ತು ಕೇಕ್ ಅಚ್ಚುಗಳನ್ನು ಪ್ರತ್ಯೇಕವಾಗಿಡಬೇಕು.

ಹೆಚ್ಚಿನ ವಿವರಗಳಿಗೆ ಆಯಾ ಜಿಲ್ಲೆಯ ಅಂಕಿತಾಧಿಕಾರಿಗಳ ಕಚೇರಿಯನ್ನು ಕೆಲಸದ ದಿನಗಳಲ್ಲಿ ಸಂಪರ್ಕಿಸಬಹುದಾಗಿದೆ.