ಮನೆಯಲ್ಲೇ ಮಾಡಿದ ಆಟ: ಆಡಿ ನೋಡಿ, ತಿದ್ದಿ ನೋಡಿ

ಹೊಸ ತಿಂಡಿಯನ್ನು ಮೊದಲು ಮನೆಯವರಿಗೆ ಬಡಿಸಿ, ಹದ ತಿಳಿದುಕೊಂಡು, ಆಮೇಲೆ ತಾನೇ ನೆಂಟರಿಗೆ ಮಾಡುವುದು? ಕೈಯಾರೆ ಮಾಡಿದ ಆಟಕ್ಕೂ ಇದೇ ಮಾತು, ಸೋದರಿಯರೇ.

ಕಳೆದ ಬೇಸಿಗೆ ರಜದಲ್ಲಿ ಮಕ್ಕಳಿಗೆಂದು ‘ಜಯನಗರ ಸುತ್ತಾಟ’ ಅಂತ ಒಂದು ಆಟ ಮಾಡಿದೆ. ಹಳೆಯ ಕ್ಯಾಲೆಂಡರನ್ನು ರಟ್ಟಿಗೆ ಅಂಟಿಸಿ, ಅದರ ಬಿಳಿಯ ಬೆನ್ನಿನ ಮೇಲೆ 40 ಮನೆ ಬರೆದೆ. ಹೊರಡುವುದು ಅಶೋಕ ಸ್ತಂಭದಿಂದ, ಸೇರುವುದು ರಾಗಿಗುಡ್ಡಕ್ಕೆ. ನಡುವೆ ಮಾಧವನ್ ಪಾರ್ಕ್, ಸೌತ್ ಎಂಡ್ ಸರ್ಕಲ್, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಮೂರು ಕಟ್ಟೆಗಳು; ಅಲ್ಲಿ ಯಾರ ಕಾಯನ್ನೂ ಕಡಿಯುವಂತಿಲ್ಲ. ಒಬ್ಬೊಬ್ಬರಿಗೆ ಎರಡು ಕಾಯಿ. ಗರ ಹಾಕಲು ಚೌಕಾಬಾರದ ನಾಲ್ಕು ಕವಡೆ.

ಇದೇನು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ತಾವೇ ಹೊಸ ಹೊಸ ಮಣೆಯಾಟ ಕಟ್ಟಿದವರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಒಂದು ಭಾಗದಲ್ಲಿ ಆಟಗಳ ವಿವರವಿದೆ.

ಚೌಕ (4) ಇಲ್ಲವೆ ಬಾರ (8) ಬಿದ್ದರೆ ಮಾತ್ರ ಕಾಯಿ ಹೊರಡಬೇಕು. ಕಡಿಸಿಕೊಂಡ ಕಾಯಿ ಮತ್ತೆ ಅಶೋಕ ಸ್ತಂಭಕ್ಕೆ ಹೋಗಬೇಕು. ಇದು ನಾನು ಮೊದಲು ಮಾಡಿದ ನಿಯಮ. ಏನಾಯಿತು ಕೇಳಿ. ಚಿಕ್ಕವಳ ಕಾಯಿ ಹತ್ತು ಸುತ್ತಾದರೂ ಹೊರಡಲಿಲ್ಲ. ಹೊರಟದ್ದನ್ನು ಅಣ್ಣ ಕಡಿದ. “ನಾನಿನ್ನು ಈ ಆಟ ಆಡೋದೇ ಇಲ್ಲ” ಅಂತ ಮಣೆ ಕೊಡವಿ ಎದ್ದು ಹೋದಳು. “ಮಗೂದೇನು ತಪ್ಪಮ್ಮ? ನಿನ್ನ ಆಟಾನೇ ಸರಿಯಿಲ್ಲ” ಅಂದರು ಅತ್ತೆ.

ಆ ಮಾತು ನಾಟಿತು. ರಾತ್ರಿ ಲೆಕ್ಕ ಹಾಕಿದೆ. ಕವಡೆ ಬೋರಲು, ಅಂಗಾತ ಸಮನಾಗಿ ಬೀಳುತ್ತದೆ ಅಂದುಕೊಂಡರೆ, ನಾಲ್ಕು ಕವಡೆ ಬೀಳುವ ಬಗೆ 16. ಅದರಲ್ಲಿ ಚೌಕಕ್ಕೆ ಒಂದು, ಬಾರಕ್ಕೆ ಒಂದು. ಅಂದರೆ ಎಂಟು ಸಲಕ್ಕೊಮ್ಮೆ ಹೊರಡುವ ಯೋಗ! ಒಂದು ಬೀಳುವ ಬಗೆ ನಾಲ್ಕಿದೆ. ಆದ್ದರಿಂದ ಒಂದು ಬಿದ್ದರೂ ಹೊರಡಬಹುದು ಎಂದು ಮಾಡಿದೆ. 16ಕ್ಕೆ ಎರಡಿದ್ದದ್ದು ಆರಾಯಿತು.

ಮರುದಿನ ಅದೊಂದನ್ನೇ ಆಡಿ ನೋಡಿದೆವು. ಒಟ್ಟಿಗೆ ನಾಲ್ಕು ಬದಲಾಯಿಸಿದರೆ ಯಾವುದರಿಂದ ಹದ ಬಂತೋ ತಿಳಿಯುವುದಿಲ್ಲ. ಆಮೇಲೆ ಎರಡನೆಯ ತಿದ್ದುಪಡಿ: ಕಡಿಸಿಕೊಂಡ ಕಾಯಿ ಮೊದಲಿಗಲ್ಲ, ಹಿಂದಿನ ಕಟ್ಟೆಗೆ ಹೋದರೆ ಸಾಕು; ಕಟ್ಟೆಯನ್ನೇ ಮುಟ್ಟದ ಕಾಯಿ ಮಾತ್ರ ಅಶೋಕ ಸ್ತಂಭಕ್ಕೆ. ಎರಡು ಗಂಟೆ ಎಳೆಯುತ್ತಿದ್ದ ಆಟ ಮುಕ್ಕಾಲು ಗಂಟೆಗೆ ಮುಗಿಯಿತು.

ಕೊನೆಗೆ ಪಕ್ಕದ ಮನೆಯ ಮಕ್ಕಳಿಗೆ ನಿಯಮದ ಚೀಟಿ ಕೊಟ್ಟು, ನಾನು ಬಾಯಿ ಬಿಡದೆ ಸೊಪ್ಪು ಬಿಡಿಸುತ್ತಾ ಕುಳಿತೆ. ‘ಕಡಿದರೆ ಹಿಂದಿನ ಕಟ್ಟೆಗೆ’ ಅಂತ ಬರೆದಿದ್ದೆ. ಅವರು ಕಡಿದವನನ್ನೇ ಹಿಂದಕ್ಕೆ ಕಳಿಸಿಬಿಟ್ಟರು! ‘ಕಡಿಸಿಕೊಂಡ ಕಾಯಿ’ ಅಂತ ತಿದ್ದಿದೆ. ನೀವೂ ಹೀಗೆ ಮಾಡಿ. ಬಾಯಲ್ಲಿ ಹೇಳಿಕೊಟ್ಟರೆ ಚೀಟಿಯ ತಪ್ಪು ಕಾಣುವುದೇ ಇಲ್ಲ.

ಆ ಸಂಜೆ ಚಿಕ್ಕವಳು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು. ನಾನು ಕರೆಯಲಿಲ್ಲ. ತಾನಾಗಿ ಬಂದು ಕೂತಳು, ಆಡಿದಳು, ಸೋತಳು. ಕವಡೆ ಗೋರಿಕೊಂಡು “ಅಮ್ಮ, ಇನ್ನೊಂದಾಟ” ಅಂದಳು.

ಗೆದ್ದವರು ಇನ್ನೊಂದಾಟ ಕೇಳುವುದು ಸಹಜ. ಸೋತವರೂ ಕೇಳುವವರೆಗೆ ತಿದ್ದುತ್ತಿರಿ. ನಿಮ್ಮೂರಿನ ತೇರುಬೀದಿ, ಸಂತೆಮಾಳ, ಬಸ್ ಸ್ಟ್ಯಾಂಡ್ ಎಲ್ಲವೂ ಒಂದು ರಟ್ಟಿನ ಮೇಲೆ ಹಿಡಿಸುತ್ತವೆ.