ಗಾಜಿನ ತೊಟ್ಟಿಯ ಸಹವಾಸ
ರಾಮನಗರ, ಚನ್ನಪಟ್ಟಣಗಳ ಕಡೆಯ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸಾದುದರಿಂದ, ಒಂದೇ ಗಾಜಿನ ತೊಟ್ಟಿಯಲ್ಲಿ ನಾನಾ ಜಾತಿಯ ಮತ್ಸ್ಯಗಳನ್ನು ಸಾಕಬಯಸುವವರು ಬಣ್ಣಕ್ಕೆ ಮರುಳಾಗುವ ಮೊದಲು ಜಲಗುಣವನ್ನು ವಿಚಾರಿಸುವುದು ಲೇಸು. ಗಪ್ಪಿ, ಮಾಲಿಗಳಿಗೆ ಗಡಸು ನೀರೇ ಹಿತ; ಅಮೆಜಾನ್ ಸೀಮೆಯ ಮೃದುಜಲದಲ್ಲಿ ಹುಟ್ಟಿದ ನಿಯಾನ್ ಟೆಟ್ರಾಕ್ಕೆ ಅದು ಒಗ್ಗದು. ಸ್ವಭಾವವೂ ಗಣ್ಯವೇ: ಟೈಗರ್ ಬಾರ್ಬುಗಳು ಎರಡು ಮೂರೇ ಇದ್ದರೆ ಏಂಜಲ್ ಮೀನಿನ ನೀಳವಾದ ರೆಕ್ಕೆಯ ತುದಿಯನ್ನು ಕಚ್ಚಿ ಕಚ್ಚಿ ಚಿಂದಿಮಾಡುವುವಾದರೂ, ಎಂಟು ಹತ್ತರ ಗುಂಪಿನಲ್ಲಿಟ್ಟಾಗ ತಮ್ಮತಮ್ಮಲ್ಲಿಯೇ ಕಾದಾಡಿಕೊಂಡು ನೆರೆಯವರ ಗೊಡವೆಯನ್ನು ಬಹುಪಾಲು ಬಿಡುವುವು. ಬೆಟ್ಟಾ ಗಂಡುಗಳೆರಡನ್ನು ಕೂಡಿಡುವುದಂತೂ ಕ್ರೌರ್ಯವೇ ಸರಿ. ಕಣ್ವ ಜಲಾಶಯದಲ್ಲೋ ಮಾಗಡಿಯ ಮಂಚನಬೆಲೆಯಲ್ಲೋ ದುರ್ಬಲ ಮೀನಿಗೆ ಓಡಿಹೋಗಲು ತಾವುಂಟು; ಎರಡಡಿಯ ತೊಟ್ಟಿಯಲ್ಲಿ ಕಲ್ಲುಸಂದು, ಜಲಸಸ್ಯಗಳ ಮರೆಯನ್ನು ನಾವೇ ಕಲ್ಪಿಸಬೇಕು. ಹೊಂದಿಕೊಳ್ಳದ ಮೀನನ್ನು ಅರ್ಕಾವತಿಗೋ ಊರಕೆರೆಗೋ ಬಿಡುವುದು ಮಾತ್ರ ಸರ್ವಥಾ ಕೂಡದು; ಪರದೇಶದ ಜಾತಿ ಸ್ಥಳೀಯ ಮೀನುಗಳಿಗೆ ರೋಗವನ್ನೂ ಪೈಪೋಟಿಯನ್ನೂ ತಂದೀತಾದ್ದರಿಂದ, ಅದನ್ನು ಕೊಂಡ ಅಂಗಡಿಗೇ ಹಿಂದಿರುಗಿಸತಕ್ಕದ್ದು.