ಮರಿ ಬಾಯಿಗೆ ಹಾಲು ಹುಯ್ಯಬೇಡಿ, ಸ್ವಾಮಿ!

ಬೇಸಿಗೆ ಮಳೆ ಹುಯ್ದ ಮಾರನೇ ಬೆಳಿಗ್ಗೆ. ತುಮಕೂರಾಗಲಿ, ಹಾಸನವಾಗಲಿ, ಬಸ್ ಸ್ಟ್ಯಾಂಡ್ ಪಕ್ಕದ ಮರದ ಕೆಳಗೆ ಇಂಥದೊಂದು ಗುಂಪು ಸೇರುವುದುಂಟು. ನಡುವೆ ಬಾಯಿ ಬಿಟ್ಟುಕೊಂಡು ಕೂತ ಗೊರವಂಕದ ಮರಿ. "ಅಯ್ಯೋ ಪಾಪ, ತಾಯಿ ಬಿಟ್ಟೋಗೈತೆ" ಅನ್ನುತ್ತಾರೆ ಒಬ್ಬರು. ಟೀ ಅಂಗಡಿಯಿಂದ ಅರ್ಧ ಲೋಟ ಹಾಲು ಬರುತ್ತೆ. ಕೊಕ್ಕು ಬಿಡಿಸಿ ಹುಯ್ಯುತ್ತಾರೆ. ಅಷ್ಟರಲ್ಲಿ ಬಸ್ ಬಂತು. ಪುಣ್ಯ ಕಟ್ಟಿಕೊಂಡವರು ಹತ್ತಿ ಹೊರಟರು. ಮಧ್ಯಾಹ್ನದ ಹೊತ್ತಿಗೆ ಮರಿ ಸತ್ತಿರುತ್ತೆ.

ಕೊಂದದ್ದು ಬೆಕ್ಕಲ್ಲ, ಹದ್ದಲ್ಲ. ಆ ಹಾಲು!

ಹಸುವಿನ ಹಾಲು ಹಕ್ಕಿಗೆ ಅರಗುವುದಿಲ್ಲ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಹಕ್ಕಿಯ ಶ್ವಾಸನಾಳದ ಬಾಯಿ ಇರುವುದು ನಾಲಿಗೆಯ ಬುಡದಲ್ಲೇ. ಮೇಲಿಂದ ಹುಯ್ದದ್ದು ಹಾಲಾಗಲಿ ನೀರಾಗಲಿ, ಸೀದಾ ಶ್ವಾಸಕೋಶಕ್ಕೆ ಇಳಿಯಬಹುದು. ಮರಿ ಕೂತಲ್ಲೇ ಮುಳುಗಿ ಸಾಯುತ್ತೆ.

ಮೊದಲು ಪುಕ್ಕ ನೋಡಿ

ಮರಿಯ ಮೈತುಂಬ ಪುಕ್ಕ ಬಂದಿದೆ, ಬಾಲ ಮಾತ್ರ ಮೋಟು, ಕುಪ್ಪಳಿಸುತ್ತಿದೆ. ಅಂದರೆ ಅದು ಅನಾಥ ಅಲ್ಲ, ಹಾರೋದು ಕಲಿಯೋಕೆ ಗೂಡು ಬಿಟ್ಟಿದೆ. ಪಿಕಳಾರದ ಮರಿಯಂತೂ ಎರಡು ವಾರ ತುಂಬುವ ಹೊತ್ತಿಗೇ, ಸರಿಯಾಗಿ ಹಾರಲು ಬಾರದಿದ್ದರೂ ಗೂಡಿನಿಂದ ಇಳಿದುಬಿಡುತ್ತೆ. ತಾಯಿ ತಂದೆ ಎಲ್ಲೋ ಹತ್ತಿರದ ಕೊಂಬೆಯಲ್ಲಿ ಹುಳ ಕಚ್ಚಿಕೊಂಡು, ಈ ಜನ ಯಾವಾಗ ಹೋಗ್ತಾರೋ ಅಂತ ಕಾಯುತ್ತಿರುತ್ತವೆ. ಚಕ್ರಕ್ಕೆ ಸಿಗುವ ಜಾಗದಲ್ಲಿದ್ದರೆ ಎತ್ತಿ ಪಕ್ಕದ ಗಿಡದ ಮೇಲೆ ಕೂರಿಸಿ. ನಾಯಿ ಬೆಕ್ಕು ಅಟ್ಟಿ. ದೂರ ನಿಂತು ನೋಡಿ.

ಪುಕ್ಕವಿಲ್ಲದ ಬೋಳು ಮರಿಯಾದರೆ ಮಾತು ಬೇರೆ. ಅದು ಬಿದ್ದದ್ದು. ಗೂಡು ಕೈಗೆ ಎಟಕಿದರೆ ವಾಪಸ್ ಇಡಿ. ಗೂಡೇ ಕಿತ್ತುಬಿದ್ದಿದ್ದರೆ, ತಳದಲ್ಲಿ ನೀರು ಸೋರುವಂಥ ಚಿಕ್ಕ ಬುಟ್ಟಿಗೆ ಒಣಹುಲ್ಲು ಹಾಕಿ, ಅದೇ ಮರದ ನೆರಳಿಗೆ ಬಿಗಿಯಾಗಿ ಕಟ್ಟಿ.

"ಮನುಷ್ಯ ಮುಟ್ಟಿದ ಮರೀನ ತಾಯಿ ಸೇರಿಸಲ್ಲ" ಎಂಬ ಮಾತೊಂದಿದೆ. ಶುದ್ಧ ಸುಳ್ಳು. ಕೈಯ ವಾಸನೆಗೆ ಹೆದರಿ ಮರಿ ಬಿಡುವ ತಾಯಿಯಲ್ಲ ಅದು.

ಬೆಕ್ಕು ಕಚ್ಚಿದ್ದರೆ

ಬೆಕ್ಕಿನ ಬಾಯಿಂದ ಬಿಡಿಸಿದ ಮರಿಗೆ ಗಾಯ ಕಾಣದಿದ್ದರೂ ಔಷಧಿ ಬೇಕೇ ಬೇಕು. ಹಲ್ಲಿನ ನಂಜು ಒಳಗೇ ಏರುತ್ತೆ. ರೆಕ್ಕೆ ಮುರಿದಿದ್ದರೂ ಅಷ್ಟೇ. ಚಪ್ಪಲಿ ಅಂಗಡಿಯ ಖಾಲಿ ರಟ್ಟಿನ ಡಬ್ಬಕ್ಕೆ ತೂತು ಹೊಡೆದು, ಹಳೇ ಬಟ್ಟೆ ಹಾಸಿ, ಮುಚ್ಚಿ, ಬೆಚ್ಚಗೆ ಇಟ್ಟುಕೊಂಡು ಪಶು ಆಸ್ಪತ್ರೆಗೆ ಒಯ್ಯಿರಿ. ಅಲ್ಲಿಯವರೆಗೆ ಅನ್ನ ಬೇಡ, ನೀರು ಬೇಡ, ಹತ್ತು ಜನ ಇಣುಕುವುದೂ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926 ಇದೆ.

ಮಂಡಿ ವರ್ತಕರಿಗೆ ಒಂದು ಮಾತು. ಗೋದಾಮಿನ ಸೂರಿನಿಂದ ಬಿದ್ದ ಬಿಳಿ ತುಪ್ಪುಳದ ಗೂಬೆಮರಿ ಅಪಶಕುನವಲ್ಲ. ಬೆಳೆದರೆ ಅದು ಹಿಡಿಯೋದು ನಿಮ್ಮ ಮೂಟೆ ಕಡಿಯುವ ಇಲಿಯನ್ನೇ.

ಗಿಳಿಮರಿ ಸಿಕ್ಕಿತೆಂದು ಪಂಜರ ಕೊಳ್ಳಲು ಹೊರಡುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ನಮ್ಮ ಕಾಡುಗಿಳಿ ಸಾಕುವುದು ಅಪರಾಧ. ಮಕ್ಕಳ ಆಸೆಗೆ ತಂದೆ ಅಂದರೆ ಕಾನೂನು ಕೇಳುವುದಿಲ್ಲ.

ಆದ್ದರಿಂದ, ಮುಂದಿನ ಮಳೆ ಬಿದ್ದ ಬೆಳಿಗ್ಗೆ ಮರದ ಕೆಳಗೆ ಗುಂಪು ಕಂಡರೆ ಮಾಡಬೇಕಾದ್ದು ಇಷ್ಟೇ: ಪುಕ್ಕ ಬಂದ, ಗಾಯವಿಲ್ಲದ ಮರಿಯಾದರೆ ಗುಂಪು ಚದುರಿಸಿ, ಹತ್ತು ಮಾರು ಹಿಂದೆ ಸರಿದು ನಿಲ್ಲಿ. ತಾಯಿ ಬರುತ್ತೆ.

ತರಿಸಿದ ಹಾಲನ್ನು ನೀವೇ ಕುಡಿದುಬಿಡಿ.